ಪುಟ್ಟಿ, ಹೆಲ್ಮೆಟ್ ಮತ್ತು ಹುಲಗೇಶ

ಹುಲಗೇಶ ಚಾಡಿಕೋರ. ಕೆಲವರು ಹೊಟ್ಟೆಪಾಡಿಗಾಗಿ ಚಾಡಿ ಹೇಳುತ್ತಾರೆ, ಕೆಲವರು ಹೆದರಿ ಹೇಳುತ್ತಾರೆ. ಇವನು ರುಚಿಗಾಗಿ ಹೇಳುತ್ತಿದ್ದ. ಊಟವಾದ ಮೇಲೆ ಎಲೆಅಡಿಕೆ ಬೇಕಾಗುವವರ ಹಾಗೆ, ಯಾರದಾದರೂ ಹೆಸರನ್ನು ಮೇಲಿನವರ ಕಿವಿಗೆ ಹಾಕದಿದ್ದರೆ ಅವನಿಗೆ ದಿನ ಮುಗಿಯುತ್ತಿರಲಿಲ್ಲ. ನನ್ನ ಮನೆಯ ಕೆಳಮಹಡಿಯಲ್ಲಿ ಅವನು ಕೆಲಸ ಮಾಡಿದಷ್ಟು ಕಾಲವೂ ಅವನನ್ನು ಹತ್ತಿರದಿಂದ ಕಂಡಿದ್ದೇನೆ. ಮೆಚ್ಚುವಂಥ ಒಂದು ಗುಣವೂ ಕಣ್ಣಿಗೆ ಬೀಳಲಿಲ್ಲ.

ಮನೆ ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಬಡಾವಣೆಯಲ್ಲಿದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನನಗೆ ಮೇಲಿನ ಮಹಡಿಯೇ ಸಾಕಾಯಿತು. ಕೆಳಗಿನದನ್ನು ಬಾಡಿಗೆಗೆ ಕೊಟ್ಟೆ. ಬಂದವರು ಬೆಂಗಳೂರಿನ ಹುಡುಗರು, ಒಂದು ಸಣ್ಣ ಕಂಪನಿ. ಆಗ ಗಚ್ಚಿಬೌಲಿಯ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಲ್ಲಿಯ ಬಾಡಿಗೆ ಭರಿಸಲಾಗದವರು ನಮ್ಮಂಥವರ ಮನೆಗಳ ಹಜಾರಗಳಲ್ಲಿ ಮೇಜು ಸಾಲು ಹಾಕಿಕೊಳ್ಳುತ್ತಿದ್ದರು. ಇವರ ಮುಖ್ಯಸ್ಥ ಋಷಭ್ ಎಂಬ ಯುವಕ. ಏನು ಕೆಲಸವಪ್ಪಾ ನಿಮ್ಮದು ಎಂದು ಕೇಳಿದಾಗ, "ಕ್ಯಾಮೆರಾಗೆ ನೋಡೋದು ಕಲಿಸ್ತೀವಿ ಮೇಡಂ" ಎಂದ.

ಮಾತು ದೊಡ್ಡದಾಗಿತ್ತು. ಕೆಲಸ ಅಷ್ಟೇನೂ ದೊಡ್ಡದಲ್ಲ. ಕ್ಯಾಮೆರಾಗೆ ಮಾವಿನಹಣ್ಣಿಗೂ ಕಲ್ಲಿಗೂ ವ್ಯತ್ಯಾಸ ಗೊತ್ತಿರುವುದಿಲ್ಲ. ಸಾವಿರಾರು ಚಿತ್ರಗಳಲ್ಲಿ ಮಾವಿನಹಣ್ಣಿನ ಸುತ್ತ ಗೆರೆ ಎಳೆದು "ಇದು ಮಾವು, ಇದು ಕೊಳೆತ ಮಾವು" ಎಂದು ಯಾರಾದರೂ ಒತ್ತಿ ಒತ್ತಿ ಹೇಳಬೇಕು. ಆಮೇಲೆ ಯಂತ್ರ ತಾನಾಗಿ ವಿಂಗಡಿಸುತ್ತದೆ. ಆ "ಯಾರಾದರೂ" ಎಂದರೆ ನನ್ನ ಕೆಳಮಹಡಿಯಲ್ಲಿ ಕೂತಿದ್ದ ಹೆಣ್ಣುಮಕ್ಕಳು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಪಿಯುಸಿ ಮುಗಿಸಿದವರು, ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು ಮಾತನಾಡುವವರು.

ನೀರಿನ ಮೋಟರಿನ ಸ್ವಿಚ್ಚು ಆ ಹಜಾರದಲ್ಲೇ ಇದ್ದುದರಿಂದ ದಿನಕ್ಕೆರಡು ಸಲ ಇಳಿದುಹೋಗಿ ಎಲ್ಲವನ್ನೂ ನೋಡುತ್ತಿದ್ದೆ. ಜೀಡಿಮೆಟ್ಲಾದ ಔಷಧ ಕಾರ್ಖಾನೆಗಾಗಿ ಮಾತ್ರೆಯ ಪಟ್ಟಿಗಳು. ಯಾವ ಗುಳಿಯಲ್ಲಿ ಮಾತ್ರೆ ಇಲ್ಲ, ಯಾವುದು ಒಡೆದಿದೆ ಎಂದು ಗುರುತು ಹಾಕಬೇಕು. ಇದು ನನಗೂ ಒಪ್ಪಿಗೆಯಾದ ಕೆಲಸ. ಹುಳ ಬಿದ್ದ ಹತ್ತಿಯ ಎಲೆ, ಬಿರುಕು ಬಿಟ್ಟ ಕೋಳಿಮೊಟ್ಟೆ, ನೇಯ್ಗೆ ತಪ್ಪಿದ ಬಟ್ಟೆ, ಟೋಲ್ ಗೇಟಿನಲ್ಲಿ ಲಾರಿಯ ನಂಬರು, ಹುಳುಕು ಹಲ್ಲಿನ ಎಕ್ಸ್‌ರೇ, ಇವಕ್ಕೂ ನನ್ನ ತಕರಾರಿಲ್ಲ. ಆದರೆ ಒಮ್ಮೆ ಒಂದು ದೊಡ್ಡ ಅಂಗಡಿಯ ಚಿತ್ರಗಳು ಬಂದವು. ಅಲ್ಲಿ ಗಿರಾಕಿಗಳ ಕೈಗಳನ್ನು ಮಾತ್ರ ಸುತ್ತಬೇಕಿತ್ತು: ಸೋಪನ್ನು ಬುಟ್ಟಿಗೆ ಹಾಕಿದ ಕೈ, ಸೆರಗಿನ ಕಡೆ ಸರಿದ ಕೈ. ಇನ್ನೊಮ್ಮೆ ಒಂದು ಟ್ಯೂಷನ್ ಕೇಂದ್ರದ ಮಕ್ಕಳ ಮುಖಗಳು. ಆಕಳಿಸಿದವರನ್ನು ಬೇರೆ, ಕಿಟಕಿಯ ಕಡೆ ನೋಡಿದವರನ್ನು ಬೇರೆ ಮಾಡಬೇಕು. ಮನುಷ್ಯರು ಒಬ್ಬರನ್ನೊಬ್ಬರು ಕದ್ದು ನೋಡುವ ಚಾಳಿಗೆ ಇಷ್ಟು ಜನ ಸೇರಿ ಬೆನ್ನು ಬಗ್ಗಿಸಿ ದುಡಿಯುತ್ತಿದ್ದುದನ್ನು ಕಂಡು ನನಗೆ ಹೇಸಿಗೆಯಾಯಿತು. ಬಾಡಿಗೆ ಬೇಡವೆನ್ನಲಿಲ್ಲ, ಅದು ಬೇರೆ ಮಾತು.

ಇಂಥ ಕಡೆ ಹುಲಗೇಶ ಮೀನು ನೀರಿನಲ್ಲಿರುವಂತೆ ಇದ್ದ. ಅವನು ಚೆಕರ್. ಹುಡುಗಿಯರು ಹಾಕಿದ ಗುರುತು ಸರಿಯೋ ತಪ್ಪೋ ಎಂದು ನೋಡಿ ಮುಂದಕ್ಕೆ ಬಿಡುವವನು. ಎಡಗೈಯ ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿದ್ದ. ಅದರಿಂದಲೇ ಕಿವಿ ಕೆರೆದುಕೊಂಡು ಅದರಿಂದಲೇ ಹುಡುಗಿಯರ ಪರದೆಯ ಮೇಲೆ ತಪ್ಪು ತೋರಿಸುತ್ತಿದ್ದ. ಅವರು ಅವನು ಹೋದ ಮೇಲೆ ದುಪಟ್ಟಾದ ತುದಿಯಿಂದ ಪರದೆ ಒರೆಸಿಕೊಳ್ಳುತ್ತಿದ್ದರು. ಬಾಯಲ್ಲಿ ಸದಾ ಅಡಿಕೆಪುಡಿ. ನನ್ನ ಕರಿಬೇವಿನ ಗಿಡದ ಬುಡಕ್ಕೆ ಉಗಿಯಬೇಡವೆಂದು ಹೇಳಿದ ಮೇಲೆ ದಾಸವಾಳದ ಬುಡಕ್ಕೆ ಉಗಿದ.

ಅವನ ಊರು ಮಸ್ಕಿಯ ಹತ್ತಿರ. ಅಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಹುಲಗೇಶ ಹತ್ತನೆಯ ಇಯತ್ತೆ ಪಾಸಾಗಿ ಊರಿನ ತಂಡದ ಜೊತೆ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದ. ಓದುಬರಹ ಬಲ್ಲವನೆಂದು ಗುತ್ತಿಗೆದಾರ ಅವನನ್ನು ಟೈಮ್‌ಕೀಪರ್ ಮಾಡಿದ. ಅಲ್ಲಿಂದ ಅವನ ಭಾಗ್ಯ ತೆರೆಯಿತು. ಮರಳಿನ ರಾಶಿಯ ಹಿಂದೆ ಯಾರು ಮಲಗಿದರು, ಯಾವ ಹೆಂಗಸು ಜೋಳಿಗೆಯಲ್ಲಿದ್ದ ಕೂಸಿಗೆ ಮೊಲೆ ಕೊಡಲು ಹೋಗಿ ಎಷ್ಟು ಹೊತ್ತು ಬರಲಿಲ್ಲ, ಎಲ್ಲವೂ ಸಂಜೆಯೊಳಗೆ ಗುತ್ತಿಗೆದಾರನಿಗೆ ಮುಟ್ಟುತ್ತಿತ್ತು. ಇದನ್ನೆಲ್ಲ ಅವನೇ ನನಗೆ ಹೇಳಿದ್ದು, ಹೆಮ್ಮೆಯಿಂದ.

ಋಷಭನ ಕಂಪನಿಗೆ ಬಂದ ಮೇಲೂ ಅದೇ ದಾರಿ. ಮೊದಲಿದ್ದ ಚೆಕರ್ ವೆಂಕಟೇಶ ಚಿತ್ರಗಳನ್ನು ಮನೆಗೆ ಒಯ್ದು ಹೆಂಡತಿಯ ಕೈಯಲ್ಲಿ ಮಾಡಿಸುತ್ತಿದ್ದುದನ್ನು ಪತ್ತೆ ಮಾಡಿ ಹೇಳಿದ. ವೆಂಕಟೇಶ ಹೋದ, ಅವನ ಕುರ್ಚಿಯಲ್ಲಿ ಇವನು ಕೂತ. ನನ್ನನ್ನೂ ಬಿಡಲಿಲ್ಲ. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಅಮ್ಮಾರ, ಹೇಳಬಾರ್ದು, ಆದ್ರೂ ಹೇಳ್ತೀನ್ರಿ. ನಿಮ್ಮ ಕೆಲಸದಾಕಿ ಅಂಬುಬಾಯಿ ನೀವು ಇಲ್ಲದಾಗ ಫ್ರಿಜ್ಜಿನ್ಯಾಗಿನ ಮೊಸರು ತಿಂದ್ಳ್ರಿ. ಕಿಟಕ್ಯಾಗಿಂದ ನೋಡ್ದೆ."

"ನಾನ ತಿನ್ನು ಅಂತ ಹೇಳಿ ಹೋಗಿದ್ದೆ."

"ಹೌದೇನ್ರಿ." ಸ್ವಲ್ಪ ಯೋಚಿಸಿದ. "ಆದ್ರ ಎರಡ್ಸಲ ಹಾಕ್ಕೊಂಡ್ಳ್ರಿ."

ಇಂಥವನು.

ಎರಡು ಸಾವಿರದ ಹತ್ತೊಂಬತ್ತರ ಬೇಸಿಗೆಗೆ ಋಷಭನಿಗೆ ಹೊಸ ಕೆಲಸ ಸಿಕ್ಕಿತು. ತೆಲ್ಲಾಪುರದ ಕಡೆ ಗೋಪುರದಂಥ ಮನೆಗಳನ್ನು ಕಟ್ಟುತ್ತಿದ್ದ ಒಬ್ಬ ಬಿಲ್ಡರು, ಕೂಲಿಯವರು ಹೆಲ್ಮೆಟ್ ಹಾಕಿದ್ದಾರೋ ಇಲ್ಲವೋ ನೋಡಲು ಸೈಟಿನಲ್ಲಿ ಕ್ಯಾಮೆರಾ ಕೂರಿಸಿದ್ದ. ಬರಿತಲೆ ಕಂಡರೆ ಆ ಮುಖದ ಚಿತ್ರ ಗೇಟಿನ ಪರದೆಯ ಮೇಲೆ ಕೆಂಪು ಚೌಕದಲ್ಲಿ ಬರುತ್ತಿತ್ತು. ಮತ್ತೆ ಮತ್ತೆ ಕೆಂಪಾದವರಿಗೆ ಗೇಟು ತೆರೆಯುತ್ತಿರಲಿಲ್ಲ. ಕೆಲಸ ಹೋದರೆ ಸೈಟಿನ ಪಕ್ಕ ವಾಸಕ್ಕಿದ್ದ ತಗಡಿನ ಶೆಡ್ಡೂ ಹೋಯಿತು. ಯಂತ್ರಕ್ಕೆ ತೀರ್ಮಾನಿಸಲಾಗದ ಚಿತ್ರಗಳು ನನ್ನ ಕೆಳಮಹಡಿಗೆ ಬರುತ್ತಿದ್ದವು. ಇಲ್ಲಿ ಹುಡುಗಿಯರು ಮೂರರಲ್ಲಿ ಒಂದನ್ನು ಒತ್ತಬೇಕು: ಹೆಲ್ಮೆಟ್ ಇದೆ, ಹೆಲ್ಮೆಟ್ ಇಲ್ಲ, ಸಂದೇಹ. ಸಂದೇಹವೆಂದು ಒತ್ತಿದ ಚಿತ್ರ ಅಲ್ಲಿಗೇ ಬಿದ್ದುಹೋಗುತ್ತದೆ, ಯಾರೂ ಕೆಂಪಾಗುವುದಿಲ್ಲ. ಆದರೆ ಸಂದೇಹಗಳು ಒತ್ತಿದವರ ಹೆಸರಿಗೆ ಕಳಂಕ. ಕಂಪನಿ ಮಾರುತ್ತಿದ್ದುದು ಖಚಿತವಾದ ಉತ್ತರವನ್ನು. ಹೆಚ್ಚು ಸಲ ಸಂದೇಹಪಟ್ಟವರು ಆ ಕೆಲಸದಲ್ಲಿ ಉಳಿಯುತ್ತಿರಲಿಲ್ಲ.

ಇನ್ನು ಸೈಟಿನ ಸಂಗತಿ. ನಮ್ಮ ಕಡೆಯ ಹೆಂಗಸರು ಗಾರೆ ಹೊರುವುದು ತಲೆಯ ಮೇಲೆ. ಸೆರಗು ಹೊದ್ದು, ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹಳದಿ ಬುಟ್ಟಿ, ಅದೇ ಪುಟ್ಟಿ. ಹೆಲ್ಮೆಟ್ಟಿನ ಮೇಲೆ ಸಿಂಬಿ ನಿಲ್ಲುವುದಿಲ್ಲ, ಸಿಂಬಿ ಇಲ್ಲದೆ ಪುಟ್ಟಿ ನಿಲ್ಲುವುದಿಲ್ಲ. ಗಾರೆ ಸುರಿದು ಬರಿ ಪುಟ್ಟಿ ತರುವಾಗ ಬಿಸಿಲಿಗೆ ಅದನ್ನೇ ತಲೆಗೆ ಬೋರಲು ಹಾಕಿಕೊಂಡು ಬರುತ್ತಾರೆ. ಎತ್ತರದ ಕ್ಯಾಮೆರಾಗೆ ಅದು ಹಳದಿ ಹೆಲ್ಮೆಟ್ಟಿನ ಹಾಗೆ ಕಂಡು ಗೊಂದಲವಾಗುತ್ತಿತ್ತು. ತಲೆಗೆ ಪೆಟ್ಟಾಗಬಾರದೆಂಬ ಕಾಳಜಿ ನಿಜವಾಗಿಯೂ ಇದ್ದವರು ಮೊದಲು ತಲೆಯ ಮೇಲಿನ ಹೊರೆಯನ್ನು ಇಳಿಸುತ್ತಿದ್ದರು, ಗಾರೆ ಏರಿಸಲು ಯಂತ್ರ ತರಿಸುತ್ತಿದ್ದರು. ಅದಕ್ಕೆ ಖರ್ಚು ಬರುತ್ತದೆ. ಹೆಂಗಸರನ್ನು ಕೆಂಪು ಚೌಕದಲ್ಲಿ ಹಾಕುವುದು ಅಗ್ಗ. ಕ್ಯಾಮೆರಾಗೆ ಹೆಲ್ಮೆಟ್ ನೋಡಲು ಕಲಿಸಿದರು, ಹೊರೆ ನೋಡಲು ಯಾರೂ ಕಲಿಸಲಿಲ್ಲ.

ಹುಡುಗಿಯರಲ್ಲಿ ರೇಣುಕಾ ಎಂಬವಳ ತಾಯಿ ಸುಗಲಮ್ಮ ಆ ಸೈಟಿನಲ್ಲೇ ಪುಟ್ಟಿ ಹೊರುತ್ತಿದ್ದಳು. ತಾಯಿಮಗಳು ಇಬ್ಬರೂ ಅಲ್ಲಿಯ ಶೆಡ್ಡಿನಲ್ಲೇ ಇದ್ದರು. ಸುಗಲಮ್ಮ ಆಗಲೇ ಕೆಂಪಾಗಿದ್ದಳು. ಇನ್ನೊಮ್ಮೆ ಆದರೆ ಗೇಟು ಮುಚ್ಚುವುದೆಂದು ಮೇಸ್ತ್ರಿ ಹೇಳಿದ್ದ. ರೇಣುಕಾ ಪುಟ್ಟಿ ಬೋರಲು ಹಾಕಿಕೊಂಡ ಪ್ರತಿ ಹೆಂಗಸಿಗೂ "ಹೆಲ್ಮೆಟ್ ಇದೆ" ಎಂದು ಒತ್ತತೊಡಗಿದಳು. ತಾಯಿಯೊಬ್ಬಳಿಗೇ ಒತ್ತಿದರೆ ಸಿಕ್ಕಿಬೀಳುತ್ತೇನೆ ಎನ್ನುವಷ್ಟು ಬುದ್ಧಿ ಅವಳಿಗಿತ್ತು.

ಹುಲಗೇಶನ ಕಣ್ಣಿನಿಂದ ಅದು ಹೇಗೆ ತಪ್ಪೀತು? ಒಂದು ದಿನ ಮೋಟರ್ ಹಾಕಲು ಇಳಿದಾಗ, ಅವನು ಅವಳ ಕುರ್ಚಿಯ ಹಿಂದೆ ನಿಂತು ಪರದೆಗೆ ಉಗುರು ತಾಗಿಸಿದ್ದ.

"ಇದೇನಬೇ ಇದು?"

"ಹೆಲ್ಮೆಟ್, ಅಣ್ಣಾ."

"ಯಾ ಕಂಪನಿ ಹೆಲ್ಮೆಟ್ಟಬೇ ಇದು? ನಾಕು ಮಂದಿ ತಲಿ ಒಳಗ ಹೊಕ್ಕಾವಲ್ಲ."

ಪಕ್ಕದ ಹುಡುಗಿಯರು ನಕ್ಕರು. ರೇಣುಕಾ ನಗಲಿಲ್ಲ. "ನಮ್ಮವ್ವಗ ಇನ್ನೊಮ್ಮೆ ಕೆಂಪು ಬಂದ್ರ ಹೊರಗ ಹಾಕ್ತಾರಣ್ಣಾ" ಎಂದಳು, ಬಹಳ ಮೆಲ್ಲಗೆ.

"ನಿಮ್ಮವ್ವನ ಕಥಿ ನನಗ್ಯಾಕಬೇ? ಮಾಡೂದ್ ಮಾಡಿ ಕಥಿ ಹೇಳಾಕ ಬರ್ತಿ" ಎಂದು ಗುರುತನ್ನು ತಿದ್ದದೆ ಮುಂದಕ್ಕೆ ನಡೆದ.

ಮರುದಿನದಿಂದ ಸುಗಲಮ್ಮ ಮಗಳ ಬುತ್ತಿಯ ಜೊತೆ ಇನ್ನೊಂದು ಗಂಟು ತರತೊಡಗಿದಳು. ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಕೆಲವೊಮ್ಮೆ ಪುಂಡಿಪಲ್ಯ. ಅದು ಹುಲಗೇಶನ ಪಾಲು. ಅವನು ಗಂಟು ಬಿಚ್ಚಿ, ಮೂಸಿ ನೋಡಿ, ನನ್ನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ. ಆ ಹೆಂಗಸು ಗೇಟಿನ ಹೊರಗೆ ಡಬ್ಬಿಗಾಗಿ ಕಾಯುತ್ತ ನಿಂತಿರುತ್ತಿದ್ದಳು. ಸಿಮೆಂಟು ತಿಂದ ಬೆರಳುಗಳು, ಕೆನ್ನೆಯವರೆಗೂ ಧೂಳು.

"ಸುಗಲಕ್ಕ, ಹಿಂಡಿಗಿ ಉಪ್ಪು ಕಮ್ಮಿ ಆಗೈತಿ."

"ನಾಳಿ ಜಾಸ್ತಿ ಹಾಕ್ತೀನಿ ತಮ್ಮಾ. ಹುಡುಗಿ ಕಡಿಗಿ ಸ್ವಲ್ಪ ನೋಡು."

"ನೋಡೂದ ನನ್ನ ಕೆಲಸ. ನೋಡಾಕತ್ತೀನಿ" ಎಂದು ಬೆರಳು ನೆಕ್ಕಿದ.

ನಾನು ಮೇಲಿನಿಂದ ನೋಡುತ್ತಿದ್ದೆ. ಅವನು ಹುಡುಗಿಯ ತಪ್ಪನ್ನು ಹಿಡಿದಿಟ್ಟುಕೊಂಡು ತಾಯಿಯ ಬುತ್ತಿ ಉಣ್ಣುತ್ತಿದ್ದುದು ಇನ್ನು ಸಹಿಸಲಾಗದೆ ಒಂದು ದಿನ ಇಳಿದು ಕೇಳಿಯೇಬಿಟ್ಟೆ.

"ನಿನಗ ನಾಚಿಕಿ ಅನ್ನೂದು ಐತೇನು?"

ಅವನು ಎದ್ದು ನಿಂತ, ಬಾಯಲ್ಲಿದ್ದುದನ್ನು ನುಂಗಿದ. "ಅಮ್ಮಾರ, ನೀವು ಓದಿದವರು. ನೀವ ಹೇಳ್ರಿ. ಪುಟ್ಟಿ ಹೆಲ್ಮೆಟ್ ಆಗ್ತೈತೇನ್ರಿ?"

"ಆಗೂದಿಲ್ಲ."

"ಮತ್ತ? ನಾನೂ ಅದನ್ನ ಹೇಳೂದು."

"ಹಂಗಾದ್ರ ತಪ್ಪು ಅಂತ ತಿದ್ದು. ಇಲ್ಲಾ ಸುಮ್ಮನ ಬಿಡು. ರೊಟ್ಟಿ ಯಾಕ ತಿಂತಿ?"

"ಕೊಟ್ಟಾರ್ರಿ. ತಿನ್ನಾಕತ್ತೀನಿ" ಎಂದ. ಮತ್ತೆ ಕೂತು ತಿಂದ.

ಬೇಸಿಗೆ ಮುಗಿಯುವ ಹೊತ್ತಿಗೆ ಬಿಲ್ಡರಿನ ಸುರಕ್ಷತಾ ಅಧಿಕಾರಿ ಸೈಟಿನಲ್ಲಿ ಖುದ್ದಾಗಿ ನಿಂತು ನೋಡಿದ. ಅವನ ಎದುರಿಗೆ ಹೆಲ್ಮೆಟ್ಟಿಲ್ಲದ ಹೆಂಗಸರು ಸಾಲಾಗಿ ನಡೆದುಹೋಗುತ್ತಿದ್ದರು, ವರದಿಯಲ್ಲಿ ಎಲ್ಲರಿಗೂ ಹೆಲ್ಮೆಟ್ ಇತ್ತು. ಅವನು ಋಷಭನ ಮೇಲೆ ಕೂಗಾಡಿದ. ಋಷಭ್ ಬೆಂಗಳೂರಿನಿಂದ ಸೋಮವಾರ ಬರುತ್ತೇನೆಂದು ತಿಳಿಸಿದ.

ಭಾನುವಾರ ಹುಲಗೇಶ ಬಾಗಿಲು ತಟ್ಟಿದ. ಹೊಸ ಅಂಗಿ ತೊಟ್ಟಿದ್ದ, ಬಹಳ ಹುರುಪಿನಲ್ಲಿದ್ದ. "ನಾಳಿ ಸರ್ ಬರ್ತಾರ್ರಿ. ಹಾಲ್ ತೊಳಸ್ಲೇನ್ರಿ?"

"ಕೇಳಿದ್ರ ಏನ್ ಹೇಳ್ತಿ?"

"ಕೇಳಿದ್ದಕ್ಕ ಉತ್ತರ ಕೊಡಬೇಕಾಗ್ತೈತ್ರಿ. ಸರ್ ನನ್ನ ಮ್ಯಾಲ ಭಾಳ ನಂಬಿಕಿ ಇಟ್ಟಾರ."

ಇನ್ನೇನು ಬೇಕು? ಹುಡುಗಿಯ ಕೆಲಸ ಹೋಯಿತು, ತಾಯಿಯದೂ ಹೋಯಿತು, ಮಳೆಗಾಲದ ಬಾಯಲ್ಲಿ ಇಬ್ಬರಿಗೂ ಸೂರಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಇವನು ಇಷ್ಟು ದಿನ ಉಂಡ ರೊಟ್ಟಿಯೂ ವ್ಯರ್ಥ.

ಸೋಮವಾರ ಬಾಡಿಗೆಯ ಕರಾರಿಗೆ ಸಹಿ ಹಾಕಬೇಕೆಂದು ಋಷಭ್ ನನ್ನನ್ನೂ ಕೆಳಗೆ ಕರೆದಿದ್ದ. ಕೆಟ್ಟ ಹುಡುಗನಲ್ಲ ಅವನು. ಎಲ್ಲವನ್ನೂ ನಗುನಗುತ್ತಲೇ ಮಾಡುತ್ತಾನೆ, ಜನರನ್ನು ಮನೆಗೆ ಕಳಿಸುವುದನ್ನೂ. ನಾನು ಸಹಿ ಮಾಡಿ ಏಳುವಷ್ಟರಲ್ಲಿ ಅವನು ಗೋಡೆಯ ದೊಡ್ಡ ಪರದೆಯ ಮೇಲೆ ಒಂದು ಚಿತ್ರ ಹಾಕಿದ. ಹುಡುಗಿಯರೆಲ್ಲ ಕೀಲಿಮಣೆಯಿಂದ ಕೈ ತೆಗೆದರು. ಚಿತ್ರದಲ್ಲಿ ಒಬ್ಬ ಹೆಂಗಸು ಹಲಗೆಯ ಮೇಲೆ ನಡೆಯುತ್ತಿದ್ದಳು, ತಲೆಯ ಮೇಲೆ ಏನೋ ಹಳದಿಯದು ಬೋರಲಾಗಿತ್ತು. ಕೆನ್ನೆಯವರೆಗೂ ಧೂಳು. ಸುಗಲಮ್ಮನೇ.

"ಇದನ್ನ ಹೆಲ್ಮೆಟ್ ಅಂತ ಮಾರ್ಕ್ ಮಾಡಿ ಕಳ್ಸಿದೀವಿ. ಹೀಗೇ ರಾಶಿ ಇದಾವೆ. ಎಲ್ಲಾ ರೇಣುಕಾ ಲಾಗಿನ್ನು." ನನ್ನ ಕಡೆ ತಿರುಗಿದ. "ಮೇಡಂ, ನೀವು ಹೊರಗಿನವರು, ಸುಮ್ನೆ ಹೇಳಿ. ಇದೇನು ಕಾಣ್ಸುತ್ತೆ?"

"ಪುಟ್ಟಿ" ಎಂದೆ.

ಅದು ಪುಟ್ಟಿಯೇ ಆಗಿತ್ತು. ಅಂಚಿಗೆ ಹತ್ತಿ ಒಣಗಿದ್ದ ಸಿಮೆಂಟು ಕೂಡ ಕಾಣುತ್ತಿತ್ತು. ಕೇಳಿದರೆ ಇದ್ದದ್ದನ್ನು ಹೇಳುವುದು ನನ್ನ ಅಭ್ಯಾಸ. ರೇಣುಕಾ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

"ನೋಡಿ, ಮೇಡಂಗೆ ಅಷ್ಟು ದೂರದಿಂದ ಗೊತ್ತಾಗುತ್ತೆ" ಎಂದ ಋಷಭ್. "ಹುಲಗೇಶ್ ಅವರೆ, ಇವಳ ಕೆಲಸ ಚೆಕ್ ಮಾಡೋದು ನೀವು. ಒಂದೇ ಪ್ರಶ್ನೆ. ಬೇಕಂತ ಮಾಡಿದಾಳಾ, ತಿಳೀದೇ ಮಾಡಿದಾಳಾ? ಬೇಕಂತ ಅಂದ್ರೆ ಇವತ್ತೇ ಕಳಿಸ್ತೀನಿ, ಎಲ್ಲಾ ಚಿತ್ರನೂ ತಿದ್ದಿ ಸೈಟಿಗೆ ವಾಪಸ್ ಕೊಡ್ತೀನಿ."

ಹುಲಗೇಶ ಎದ್ದ. ಇದು ಅವನ ಹೊತ್ತು. ದೊಡ್ಡ ಪರದೆಯ ಹತ್ತಿರ ಹೋದ, ಕತ್ತು ಮುಂದೆ ಚಾಚಿದ, ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಆ ಉಗುರು ಹಳದಿ ಪುಟ್ಟಿಯ ಅಂಚನ್ನು ನಿಧಾನವಾಗಿ ಸುತ್ತಿತು.

"ತಿಳಿವಲ್ದ್ರಿ ಸರ್" ಎಂದ.

"ಏನು ತಿಳಿತಿಲ್ಲ?"

"ಪುಟ್ಟಿನೋ ಹೆಲ್ಮೆಟ್ಟೋ ತಿಳಿವಲ್ದು. ನನಗ ತಿಳಿವಲ್ದು, ಆ ಹುಡುಗಿಗೇನ್ ತಿಳೀತೈತ್ರಿ?"

ಋಷಭನ ಮುಖದಲ್ಲಿ ನಗು ಹಾಗೇ ಇತ್ತು. "ನೀವು ಸೈಟಲ್ಲಿ ಟೈಮ್‌ಕೀಪರ್ ಆಗಿದ್ರಿ ಅಲ್ವಾ?"

"ಆಗಿದ್ದೆರಿ."

"ಪುಟ್ಟಿ ನೋಡೇ ಇಲ್ವಾ?"

"ನೋಡೀನ್ರಿ. ಇದರಾಗ ಬೆಳಕು ಸರಿ ಇಲ್ಲ."

ಬೆಳಕು ಸರಿಯಾಗಿಯೇ ಇತ್ತು. ಬೆಳಗಿನ ಹೊತ್ತಿನ ಚಿತ್ರ, ನೆರಳು ಕತ್ತರಿಸಿಟ್ಟ ಹಾಗೆ ಬಿದ್ದಿತ್ತು. ನನ್ನ ಕಡೆ ಅವನು ನೋಡಲಿಲ್ಲ.

"ಹಾಗಾದ್ರೆ ಸಂದೇಹ ಅಂತ ಒತ್ತಬೇಕು" ಎಂದ ಋಷಭ್. "ನಿಮ್ಮ ಲಾಗಿನ್ನಿಂದ. ಇವಳು ಮಾಡಿದ್ದು ಎಲ್ಲಾ. ಇಷ್ಟು ಸಂದೇಹ ನಿಮ್ಮ ಹೆಸರಿಗೆ ಬಂದ್ರೆ ಚೆಕರ್ ಕುರ್ಚಿ ಉಳಿಯಲ್ಲ, ಗೊತ್ತಲ್ಲ? ಹುಡುಗೀರ ಸಾಲಲ್ಲಿ ಕೂತು ಗೆರೆ ಎಳೀಬೇಕು."

"ಗೊತ್ತೈತ್ರಿ."

ಅವನು ತನ್ನ ಮೇಜಿಗೆ ಹೋಗಿ ಕೂತ. ಸಂದೇಹದ ಕೀಲಿ ಒತ್ತಿದ. ಸುಗಲಮ್ಮ ದೊಡ್ಡ ಪರದೆಯಿಂದ ಮಾಯವಾದಳು, ಅವಳ ಜಾಗದಲ್ಲಿ ಇನ್ನೊಬ್ಬ ಹೆಂಗಸು, ಇನ್ನೊಂದು ಪುಟ್ಟಿ. ಮತ್ತೆ ಒತ್ತಿದ. ಇನ್ನೊಬ್ಬಳು. ಒಂದೊಂದನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ, ನಿಜಕ್ಕೂ ತಿಳಿಯದವನ ಹಾಗೆ ಸ್ವಲ್ಪ ತಡೆದು, ಒತ್ತುತ್ತಾ ಹೋದ. ಋಷಭ್ ಕೈಕಟ್ಟಿ ನಿಂತು ಕೊನೆಯವರೆಗೂ ನೋಡಿ ಹೊರಗೆ ಹೋದ.

ರೇಣುಕಾ ಅವನ ಕಡೆ ತಿರುಗಿದ್ದಳು, ಬಾಯಿ ತೆರೆದಿತ್ತು. ಹುಲಗೇಶ ಚೆಕರ್ ಕುರ್ಚಿಯ ಬೆನ್ನಿಗೆ ಹಾಕಿದ್ದ ತನ್ನ ಟವೆಲ್ಲನ್ನು ತೆಗೆದುಕೊಂಡು, ಸಾಲಿನ ಕೊನೆಯ ಖಾಲಿ ಮೇಜಿಗೆ ಹೋಗಿ, ಅಲ್ಲಿಯ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತ.

"ನನ್ನ ಮಾರಿ ಏನ್ ನೋಡಾಕತ್ತೀಯಬೇ?" ಎಂದು ಅವಳಿಗೆ ಗದರಿದ. "ಮುಂದಿನ ಚಿತ್ರ ತಗಿ."